ರಾಶಿಯಿಂದ ಎಣಿಕೆಗೆ: ಕುವಳಾಲನಾಡಿನ ಮಕ್ಕಳ ಲೆಕ್ಕದ ಚರಿತ್ರೆ

ಒಂದರಿಂದ ನೂರರವರೆಗೆ ತಡವರಿಸದೆ ಒಪ್ಪಿಸುವ ಮಗುವಿನ ಮುಂದೆ ಒಂದು ಬೊಗಸೆ ಹುಣಸೆ ಬೀಜ ಸುರಿದು, ‘ಇವು ಎಷ್ಟಿರಬಹುದು?’ ಎಂದು ಕೇಳಿದರೆ ಅದು ಹತ್ತೆಂದೋ ಸಾವಿರವೆಂದೋ ಬಾಯಿಗೆ ಬಂದುದನ್ನು ಹೇಳಿಬಿಡುವುದುಂಟು. ಎಣಿಸಲು ಹೇಳಿದರೆ ಒಂದೊಂದನ್ನೇ ಬೆರಳಿನಿಂದ ಮುಟ್ಟುತ್ತ ಹೋಗುತ್ತದೆ. ನಡುವೆ ಯಾರಾದರೂ ಮಾತನಾಡಿಸಿದರೆ ಲೆಕ್ಕ ತಪ್ಪಿ, ಮತ್ತೆ ಮೊದಲಿನಿಂದ ಆರಂಭಿಸಬೇಕಾಗುತ್ತದೆ. ಸಂಖ್ಯೆಗಳ ಹೆಸರುಗಳನ್ನು ಕ್ರಮವಾಗಿ ಹೇಳುವುದು ಒಂದು ವಿದ್ಯೆ. ಸಂಖ್ಯೆಯನ್ನು ಕಣ್ಣಿನಿಂದ ಅಳೆಯುವುದು, ಗುಂಪುಗಳಾಗಿ ಒಡೆದು ಎಣಿಸುವುದು ಇನ್ನೊಂದು ವಿದ್ಯೆ. ಮೊದಲನೆಯದನ್ನು ನಮ್ಮ ಶಾಲೆಗಳು ಬಹುಕಾಲದಿಂದ ಚೆನ್ನಾಗಿಯೇ ಕಲಿಸುತ್ತ ಬಂದಿವೆ. ಎರಡನೆಯದನ್ನು ಹೊಸ ಶಿಕ್ಷಣಶಾಸ್ತ್ರದ ಕೊಡುಗೆಯೆಂದು ಭಾವಿಸುವವರೇ ಹೆಚ್ಚು. ಕನ್ನಡ ನುಡಿ, ಈ ನಾಡಿನ ಕಣ, ಮಕ್ಕಳ ಆಟ ಮತ್ತು ಜೈನ ಗಣಿತ ಪರಂಪರೆಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಆ ಭಾವನೆ ನಿಲ್ಲುವುದಿಲ್ಲ.

ಈ ಮಾತನ್ನು ಪರಿಶೀಲಿಸಲು ಕೋಲಾರದ ಚಿನ್ನದ ಗಣಿ ಪ್ರದೇಶ ಮತ್ತು ಬಂಗಾರಪೇಟೆಗಳಿಗಿಂತ ತಕ್ಕ ನೆಲ ಅಪರೂಪ. ಇಲ್ಲಿನ ಮಗು ಮನೆಯಲ್ಲಿ ತಮಿಳನ್ನೋ ತೆಲುಗನ್ನೋ ಆಡುತ್ತ ಬೆಳೆದು, ಶಾಲೆಯಲ್ಲಿ ಕನ್ನಡದ ಎಣಿಕೆಯನ್ನು ಕಲಿಯುವುದು ಸಾಮಾನ್ಯ ಸಂಗತಿ. ಊರಿಗಾಂ, ಚಾಂಪಿಯನ್ ರೀಫ್, ಮಾರಿಕುಪ್ಪಂಗಳಲ್ಲಿ ತಮಿಳು ದಟ್ಟ. ಸುತ್ತಲಿನ ಹಳ್ಳಿಗಳಲ್ಲಿ ತೆಲುಗು ಮತ್ತು ಕನ್ನಡ ಬೆರೆತಿವೆ. ಮೂರು ಭಾಷೆಗಳ ನಡುವೆ ನಿಂತ ಮಗುವಿಗೆ ಸಂಖ್ಯೆಯ ಹೆಸರು ಬದಲಾಗುತ್ತದೆ, ಕೈಯಲ್ಲಿರುವ ಬೀಜಗಳು ಬದಲಾಗುವುದಿಲ್ಲ. ಆದ್ದರಿಂದಲೇ ಇಲ್ಲಿ ವಸ್ತುವಿನಿಂದ ಸಂಖ್ಯೆಗೆ ಹೋಗುವ ದಾರಿಗೆ ವಿಶೇಷವಾದ ಬೆಲೆಯಿದೆ.

ನುಡಿಯೊಳಗಿನ ಗುಂಪುಗಳು

ಕನ್ನಡದಲ್ಲಿ ‘ಎಣಿಸು’ ಎಂಬ ಕ್ರಿಯಾಪದಕ್ಕೆ ಲೆಕ್ಕ ಮಾಡು ಎಂಬುದರೊಡನೆ ಭಾವಿಸು, ಊಹಿಸು ಎಂಬ ಅರ್ಥವೂ ಇದೆ. ‘ಹೀಗಾಗುತ್ತದೆ ಎಂದು ಎಣಿಸಿರಲಿಲ್ಲ’ ಎನ್ನುವಾಗ ಯಾರೂ ಬೆರಳು ಮಡಿಸುವುದಿಲ್ಲ. ಎಣಿಕೆಯೂ ಊಹೆಯೂ ಒಂದೇ ಪದದಲ್ಲಿ ನೆಲೆಸಿವೆ. ಪಾರಸಿಯಿಂದ ಬಂದು ಕನ್ನಡದ್ದೇ ಆಗಿಹೋಗಿರುವ ‘ಸುಮಾರು’ ಎಂಬ ಪದದ ಕಥೆಯೂ ಸ್ವಾರಸ್ಯಕರವಾಗಿದೆ. ಮೂಲದ ‘ಶುಮಾರ್’ ಎಂದರೆ ಎಣಿಕೆ; ಕನ್ನಡದಲ್ಲಿ ಅದು ಹೆಚ್ಚುಕಡಿಮೆ ಎಂಬ ಅರ್ಥಕ್ಕೆ ಬಂದು ನಿಂತಿತು. ವ್ಯವಹಾರದಲ್ಲಿ ತೊಡಗಿದ ಜನಕ್ಕೆ ನಿಖರವಾದ ಲೆಕ್ಕ ಮತ್ತು ನಂಬಬಹುದಾದ ಅಂದಾಜು ಎರಡೂ ಒಂದೇ ಕುಟುಂಬದ ಸಂಗತಿಗಳೆಂಬುದಕ್ಕೆ ಈ ಎರಡು ಪದಗಳೇ ಸಾಕ್ಷಿ.

ಸಂಖ್ಯಾವಾಚಕಗಳನ್ನು ನೋಡಿದರೆ ಗುಂಪಿನ ಎಣಿಕೆ ಇನ್ನೂ ಸ್ಪಷ್ಟವಾಗುತ್ತದೆ. ಹಳಗನ್ನಡದ ‘ಇರ್ಪತ್ತು’ ಎಂದರೆ ಎರಡು ಹತ್ತು. ‘ಮೂವತ್ತು’ ಮೂರು ಹತ್ತು. ‘ನಾಲ್ವತ್ತು’ ನಾಲ್ಕು ಹತ್ತು. ಇಪ್ಪತ್ತಮೂರು ಎಂದು ಹೇಳುವ ಮಗು ತನಗೆ ಅರಿವಿಲ್ಲದೆಯೇ ಎರಡು ಹತ್ತರ ಕಟ್ಟು ಮತ್ತು ಮೂರು ಬಿಡಿ ಎಂದು ಹೇಳುತ್ತಿರುತ್ತದೆ. ಹಿಂದಿ ಮರಾಠಿಗಳಲ್ಲಿ ನೂರರೊಳಗಿನ ಸಂಖ್ಯೆಗಳ ಹೆಸರುಗಳು ಸವೆದು ರೂಪಗೆಟ್ಟಿರುವುದರಿಂದ ಅವುಗಳಲ್ಲಿ ಬಹುಪಾಲನ್ನು ಬಾಯಿಪಾಠ ಮಾಡದೆ ಗತಿಯಿಲ್ಲ. ಕನ್ನಡದಲ್ಲಿ ಆ ಹೊರೆ ಬಹಳ ಹಗುರ. ತಮಿಳಿನ ‘ಇರುಪದು’, ‘ಮುಪ್ಪದು’ಗಳಲ್ಲಿಯೂ ಇದೇ ಕಟ್ಟೋಣವಿದೆ, ತೆಲುಗಿನ ‘ಇರವೈ’, ‘ಮುಪ್ಪೈ’ಗಳಲ್ಲಿ ಹತ್ತರ ಗುರುತು ಸವೆದಿದ್ದರೂ ಮೂಲ ಅದೇ. ಒಂಬತ್ತು ಮತ್ತು ತೊಂಬತ್ತುಗಳಲ್ಲಿ ಮಾತ್ರ ಸಣ್ಣದೊಂದು ತೊಡಕಿದೆ. ‘ಒಂಬತ್ತು’ ಎಂಬುದರ ಒಳಗೇ ‘ಪತ್ತು’ ಅಡಗಿದೆ. ಹತ್ತಕ್ಕೆ ಒಂದು ಕಡಿಮೆ ಎಂಬ ಅರ್ಥದಲ್ಲಿ ಅದು ಹುಟ್ಟಿತೆಂದು ವಿವರಿಸುವುದುಂಟು. ತೊಂಬತ್ತನ್ನು ಕನ್ನಡ ಹತ್ತರಿಂದ ಕಟ್ಟಿದರೆ, ತಮಿಳು ‘ತೊಣ್ಣೂರು’ ಎಂದು ನೂರರಿಂದ ಕಟ್ಟುತ್ತದೆ. ಮನೆಯಲ್ಲಿ ತಮಿಳಾಡುವ ಮಗು ಶಾಲೆಯಲ್ಲಿ ತೊಂಬತ್ತರ ಬಳಿ ಎಡವಿದರೆ ಅದನ್ನು ದಡ್ಡತನವೆನ್ನಲಾಗದು. ಎರಡು ನುಡಿಗಳು ಒಂದೇ ಸಂಖ್ಯೆಯನ್ನು ಎರಡು ದಿಕ್ಕಿನಿಂದ ನೋಡಿದುದರ ಫಲ ಅದು.

ಸಾಸಿವೆಯ ಕುಂಡಗಳು, ಬಾಣದ ಕಟ್ಟುಗಳು

ಕೋಲಾರದ ಪ್ರಾಚೀನ ಹೆಸರು ಕುವಳಾಲ. ತಲಕಾಡಿಗೆ ಹೋದ ಮೇಲೂ ಗಂಗ ಅರಸರು ‘ಕುವಳಾಲಪುರವರೇಶ್ವರ’ ಎಂಬ ಬಿರುದನ್ನು ಬಿಡಲಿಲ್ಲ. ಕೋಲಾರ ಜಿಲ್ಲೆಯ ಶಾಸನಗಳನ್ನು ಬಿ.ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕದ ಹತ್ತನೆಯ ಸಂಪುಟವಾಗಿ 1905ರಲ್ಲಿ ಪ್ರಕಟಿಸಿದಾಗ ಈ ಪ್ರಾಚೀನತೆ ವಿದ್ವಲ್ಲೋಕಕ್ಕೆ ಸುಲಭವಾಗಿ ದೊರೆಯಿತು. ಗಂಗ ರಾಚಮಲ್ಲನ ಮಂತ್ರಿಯೂ ಶ್ರವಣಬೆಳಗೊಳದ ಗೊಮ್ಮಟಮೂರ್ತಿಯ ನಿರ್ಮಾಪಕನೂ ಆದ ಚಾವುಂಡರಾಯನಿಗೆ ಗುರುವಾಗಿದ್ದವರು ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು. ಅವರ ಪ್ರಾಕೃತ ಗ್ರಂಥ ‘ತ್ರಿಲೋಕಸಾರ’ದಲ್ಲಿ ಸಂಖ್ಯೆಯನ್ನು ಕುರಿತ ಒಂದು ಅಪೂರ್ವ ಕಲ್ಪನೆಯಿದೆ.

ಲೆಕ್ಕಕ್ಕೆ ಸಿಗುವ ಸಂಖ್ಯೆ ಎಲ್ಲಿಯವರೆಗೆ, ಸಿಗದಿರುವುದು ಎಲ್ಲಿಂದ ಎಂಬ ಪ್ರಶ್ನೆಗೆ ಉತ್ತರ ಹೇಳಲು ಆಚಾರ್ಯರು ನಾಲ್ಕು ಕುಂಡಗಳನ್ನು ಕಲ್ಪಿಸುತ್ತಾರೆ: ಅನವಸ್ಥಾ, ಶಲಾಕಾ, ಪ್ರತಿಶಲಾಕಾ, ಮಹಾಶಲಾಕಾ. ಒಂದು ಲಕ್ಷ ಯೋಜನ ವ್ಯಾಸದ ಮೊದಲ ಕುಂಡವನ್ನು ಸಾಸಿವೆಯಿಂದ ಶಿಖೆಯೇರುವಂತೆ ತುಂಬಬೇಕು. ಅಲ್ಲಿನ ಕಾಳುಗಳನ್ನು ದ್ವೀಪಕ್ಕೊಂದು, ಸಮುದ್ರಕ್ಕೊಂದರಂತೆ ಹಾಕುತ್ತ ಹೋಗಬೇಕು. ಕಾಳು ಮುಗಿದ ಕಡೆಗೆ ಎಷ್ಟು ವಿಸ್ತಾರವೋ ಅಷ್ಟು ದೊಡ್ಡ ಹೊಸ ಅನವಸ್ಥಾ ಕುಂಡವಾಗುತ್ತದೆ. ಹೀಗೆ ಒಂದು ಸುತ್ತು ಮುಗಿದುದರ ಗುರುತಿಗೆ ಶಲಾಕಾ ಕುಂಡದಲ್ಲಿ ಒಂದೇ ಒಂದು ಸಾಸಿವೆ ಬೀಳುತ್ತದೆ. ಶಲಾಕಾ ತುಂಬಿದಾಗ ಪ್ರತಿಶಲಾಕೆಯಲ್ಲಿ ಒಂದು, ಪ್ರತಿಶಲಾಕೆ ತುಂಬಿದಾಗ ಮಹಾಶಲಾಕೆಯಲ್ಲಿ ಒಂದು. ಪ್ರತಿ ಸಲವೂ ಮೊದಲ ಕುಂಡ ಹಿಗ್ಗುವುದರಿಂದ ಇದು ಬಿಡಿ-ಹತ್ತು-ನೂರುಗಳ ಸ್ಥಾನಪದ್ಧತಿಯಲ್ಲ. ಅದಕ್ಕಿಂತ ಎಷ್ಟೋ ವೇಗವಾಗಿ ಬೆಳೆಯುವ ಎಣಿಕೆ. ಆದರೆ ಅದರ ಬುನಾದಿ ಒಂದೇ: ಒಂದು ಗುಂಪು ಪೂರ್ಣವಾದಾಗ ಅದನ್ನು ಮತ್ತೆ ಬಿಡಿಬಿಡಿಯಾಗಿ ಎಣಿಸಬೇಕಿಲ್ಲ, ಅದರ ಪರವಾಗಿ ಒಂದು ಕಾಳು ಸಾಕು. ಒಂದನೆಯ ತರಗತಿಯಲ್ಲಿ ಹತ್ತು ಕಡ್ಡಿಗಳಿಗೆ ರಬ್ಬರ್ ಸುತ್ತಿ ‘ಇದು ಒಂದು ಹತ್ತು’ ಎಂದು ಹೇಳುವ ಉಪಾಧ್ಯಾಯಿನಿ ಮಾಡುವುದೂ ಇದನ್ನೇ.

ಇದಕ್ಕೂ ಶತಮಾನಕ್ಕಿಂತ ಹಿಂದೆ, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಆಳ್ವಿಕೆಯಲ್ಲಿ, ಸುಮಾರು 850ರ ಹೊತ್ತಿಗೆ, ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ವನ್ನು ರಚಿಸಿದರು. ಮದ್ರಾಸಿನ ಎಂ. ರಂಗಾಚಾರ್ಯರು 1912ರಲ್ಲಿ ಇದನ್ನು ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದರು, ಡಾ. ಪದ್ಮಾವತಮ್ಮನವರ ಕನ್ನಡ ಅನುವಾದ 2000ದಲ್ಲಿ ಹೊಂಬುಜದಿಂದ ಹೊರಬಂದಿತು. ಗ್ರಂಥದ ಮೊದಲ ಅಧಿಕಾರವಾದ ಸಂಜ್ಞಾಧಿಕಾರದಲ್ಲಿ ಚಿನ್ನದ ತೂಕಕ್ಕೆ ಹೇಳಿರುವ ಮಾನವನ್ನು ಚಿನ್ನದ ನಾಡಿನವರು ಗಮನಿಸಬೇಕು. ನಾಲ್ಕು ಗಂಡಕಕ್ಕೆ ಒಂದು ಗುಂಜೆ, ಅಂದರೆ ಗುಲಗಂಜಿ. ಐದು ಗುಂಜೆಗೆ ಒಂದು ಪಣ. ಎಂಟು ಪಣಕ್ಕೆ ಒಂದು ಧರಣ. ಎರಡು ಧರಣಕ್ಕೆ ಒಂದು ಕರ್ಷ. ನಾಲ್ಕು ಕರ್ಷಕ್ಕೆ ಒಂದು ಪಲ. ಒಂದು ಪಲ ಚಿನ್ನವೆಂದರೆ 320 ಗುಲಗಂಜಿ. ಆದರೆ ಅಕ್ಕಸಾಲೆ 320 ಬೀಜಗಳನ್ನು ಎಂದೂ ಎಣಿಸಬೇಕಾಗುವುದಿಲ್ಲ. ಐದು, ಎಂಟು, ಎರಡು, ನಾಲ್ಕು ಎಂಬ ಸಣ್ಣ ಗುಂಪುಗಳು ಒಂದರೊಳಗೊಂದು ಕುಳಿತು ಆ ದೊಡ್ಡ ಸಂಖ್ಯೆಯನ್ನು ಹೊರುತ್ತವೆ. ಯಾವ ಹಂತದಲ್ಲಿಯೂ ಎಂಟಕ್ಕಿಂತ ಹೆಚ್ಚು ಎಣಿಸುವ ಪ್ರಸಂಗವೇ ಇಲ್ಲ.

ಅದೇ ಗ್ರಂಥದಲ್ಲಿ ಬಾಣಗಳ ಕಟ್ಟನ್ನು ಕುರಿತ ಒಂದು ಸೂತ್ರವಿದೆ. ದುಂಡಾದ ಕಟ್ಟಿನ ಹೊರಸುತ್ತಿನಲ್ಲಿ ಕಾಣುವ ಬಾಣಗಳನ್ನಷ್ಟೇ ಎಣಿಸಿ, ಆ ಸಂಖ್ಯೆಗೆ ಮೂರನ್ನು ಕೂಡಿಸಿ, ಬಂದುದನ್ನು ವರ್ಗಮಾಡಿ, ಮತ್ತೆ ಮೂರನ್ನು ಕೂಡಿಸಿ, ಹನ್ನೆರಡರಿಂದ ಭಾಗಿಸಿದರೆ ಕಟ್ಟಿನಲ್ಲಿರುವ ಒಟ್ಟು ಬಾಣಗಳು ದೊರೆಯುತ್ತವೆ. ಹೊರಗೆ ಆರಿದ್ದರೆ ಒಟ್ಟು ಏಳು; ಹೊರಗೆ ಹನ್ನೆರಡಿದ್ದರೆ ಒಟ್ಟು 19; ಹದಿನೆಂಟಿದ್ದರೆ 37. ಸೂತ್ರ ದೊಡ್ಡವರಿಗೆ, ಅದರ ಹಿಂದಿರುವ ನೋಟ ಮಕ್ಕಳಿಗೂ ದಕ್ಕುತ್ತದೆ. ಒಂದು ಪೆನ್ಸಿಲನ್ನು ನೆಟ್ಟಗೆ ನಿಲ್ಲಿಸಿ ಅದರ ಸುತ್ತ ಅದೇ ಗಾತ್ರದ ಪೆನ್ಸಿಲುಗಳನ್ನು ಒತ್ತಾಗಿ ಜೋಡಿಸಿದರೆ ಸರಿಯಾಗಿ ಆರು ಹಿಡಿಸುತ್ತವೆ. ಅದರ ಹೊರಗೆ ಹನ್ನೆರಡು, ಇನ್ನೂ ಹೊರಗೆ ಹದಿನೆಂಟು. ಕಟ್ಟು ಬಿಚ್ಚದೆ, ಒಳಗಿನದನ್ನು ಮುಟ್ಟದೆ, ಹೊರಗಿನ ಸುತ್ತಿನಿಂದ ಇಡಿಯನ್ನು ತಿಳಿಯಬಹುದು ಎಂಬ ಅರಿವೇ ಇಲ್ಲಿನ ಪಾಠ. ಏಳರಿಂದ 142857143ನ್ನು ಗುಣಿಸಿದರೆ 1000000001 ಬರುವುದನ್ನು ರಾಜನ ಕಂಠಾಭರಣವೆಂದು ಕರೆದ ಕವಿಹೃದಯದ ಗಣಿತಜ್ಞ ಈ ಆಚಾರ್ಯರು. ಲೆಕ್ಕದಲ್ಲಿ ಕಣ್ಣಿಗೆ ಹಬ್ಬವಿರಬೇಕೆಂಬುದನ್ನು ಅವರು ಮರೆತವರಲ್ಲ.

ಹನ್ನೆರಡನೆಯ ಶತಮಾನದಲ್ಲಿ ಜೈನಕವಿ ರಾಜಾದಿತ್ಯ ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’ ಮೊದಲಾದ ಕೃತಿಗಳನ್ನು ಕನ್ನಡದಲ್ಲಿಯೇ ಬರೆದು, ಈ ವಿದ್ಯೆಯನ್ನು ಸಂಸ್ಕೃತ ಬಲ್ಲವರ ಆಚೆಗೆ ತಂದ. ಅದೇ ಶತಮಾನದ ಭಾಸ್ಕರಾಚಾರ್ಯರ ‘ಲೀಲಾವತಿ’ಯಲ್ಲಿ ರಾಶಿವ್ಯವಹಾರವೆಂಬ ಪ್ರಕರಣವೇ ಇದೆ. ನೆಲದ ಮೇಲೆ ಸುರಿದ ಧಾನ್ಯ ತಾನಾಗಿ ಒಂದು ಶಿಖರದ ಆಕಾರ ತಾಳುತ್ತದೆ. ದಪ್ಪ ಕಾಳಾದರೆ ರಾಶಿಯ ಎತ್ತರ ಸುತ್ತಳತೆಯ ಹತ್ತರಲ್ಲೊಂದು ಭಾಗ, ಸಣ್ಣ ಕಾಳಾದರೆ ಹನ್ನೊಂದರಲ್ಲೊಂದು, ಮುಳ್ಳುತೆನೆಯ ಧಾನ್ಯವಾದರೆ ಒಂಬತ್ತರಲ್ಲೊಂದು ಎಂದು ಅಲ್ಲಿ ಹೇಳಿದೆ. ಸುತ್ತಳತೆಯ ಆರರಲ್ಲೊಂದು ಭಾಗವನ್ನು ವರ್ಗಮಾಡಿ ಎತ್ತರದಿಂದ ಗುಣಿಸಿದರೆ ರಾಶಿಯ ಘನಫಲ. ಕೋಲಾರದ ರಾಗಿಗೆ ಇದನ್ನು ಅನ್ವಯಿಸಿ ನೋಡಬಹುದು. ಸುತ್ತಳತೆ 66 ಅಂಗುಲವಾದರೆ ಎತ್ತರ 6; ಹನ್ನೊಂದರ ವರ್ಗ 121, ಅದನ್ನು ಆರರಿಂದ ಗುಣಿಸಿದರೆ 726 ಘನ ಅಂಗುಲ. ಇಂದಿನ ನಿಖರ ಸೂತ್ರದಿಂದ ಬರುವುದು ಸುಮಾರು 693. ನೂರಕ್ಕೆ ಐದರಷ್ಟು ವ್ಯತ್ಯಾಸ! ಒಂದು ಹಗ್ಗ ಮಾತ್ರ ಕೈಯಲ್ಲಿರುವ ಒಕ್ಕಲಿಗನಿಗೆ ಕಣದಲ್ಲಿ ನಿಂತು ಇಷ್ಟು ಹತ್ತಿರ ಬರುವುದು ಸಾಮಾನ್ಯವಲ್ಲ. ಒಳ್ಳೆಯ ಅಂದಾಜಿಗೂ ಬಾಯಿಗೆ ಬಂದ ಊಹೆಗೂ ಇರುವ ಅಂತರ ಇದೇ: ಅಂದಾಜಿಗೆ ಒಂದು ಆಧಾರವಿರುತ್ತದೆ, ಎಷ್ಟು ತಪ್ಪಬಹುದೆಂಬ ಎಚ್ಚರವಿರುತ್ತದೆ.

ಕಣದಲ್ಲಿ, ಜಗಲಿಯಲ್ಲಿ

ಶಾಸ್ತ್ರದ ಈ ಅರಿವು ಗ್ರಂಥಗಳಲ್ಲಿ ಮಾತ್ರ ಉಳಿದಿದ್ದರೆ ಮಕ್ಕಳ ಮಾತಿಗೆ ಇಲ್ಲಿ ಎಡೆಯಿರುತ್ತಿರಲಿಲ್ಲ. ಅದು ದಿನಬಳಕೆಯಲ್ಲಿಯೂ ಹರಡಿತ್ತು. ಕಣದಲ್ಲಿ ರಾಶಿ ಅಳೆಯುವಾಗ ಮೊದಲ ಕೊಳಗವನ್ನು ‘ಒಂದು’ ಎನ್ನದೆ ‘ಲಾಭ’ ಎಂದು ಕೂಗುವ ಪದ್ಧತಿಯಿತ್ತು. ಇಪ್ಪತ್ತು ಕೊಳಗವಾದಾಗ ಒಂದು ಖಂಡುಗ. ಅಳೆಯುವವನ ಪಕ್ಕದಲ್ಲಿ ಕುಳಿತ ಹುಡುಗನಿಗೆ ಗುಂಪಿನ ಎಣಿಕೆಯ ಮೊದಲ ಪಾಠ ಅಲ್ಲಿಯೇ ಆಗುತ್ತಿತ್ತು. ಬಾಳೆಯ ಹಣ್ಣು ಚಿಪ್ಪಾಗಿ, ಚಿಪ್ಪು ಗೊನೆಯಾಗಿ ಬರುವುದು; ಹೂವು ಮೊಳದಲ್ಲಿ, ಸೊಪ್ಪು ಕಟ್ಟಿನಲ್ಲಿ, ತೆಂಗಿನಕಾಯಿ ಜೋಡಿಯಲ್ಲಿ ಮಾರಾಟವಾಗುವುದು; ಇವೆಲ್ಲ ಬಂಗಾರಪೇಟೆಯ ಸಂತೆಯಲ್ಲಿ ಇಂದಿಗೂ ಮಗುವಿನ ಕಣ್ಣಿಗೆ ಬೀಳುವ ಗುಂಪುಗಳು.

ಆಟಗಳಂತೂ ಈ ವಿದ್ಯೆಯ ನಿಜವಾದ ಪಾಠಶಾಲೆಗಳು. ಕನ್ನಡದವರು ಅಳಗುಳಿಮಣೆ ಎನ್ನುವುದನ್ನು ತಮಿಳರು ಪಲ್ಲಾಂಗುಳಿ ಎನ್ನುತ್ತಾರೆ, ತೆಲುಗರು ವಾಮನಗುಂಟಲು ಎನ್ನುತ್ತಾರೆ. ಮೂರೂ ನುಡಿಗಳು ಕೂಡಿರುವ ಗಣಿಯ ನಾಡಿನಲ್ಲಿ ಈ ಒಂದು ಮಣೆಯ ಮುಂದೆ ಭಾಷೆಯ ಗಡಿ ಅಳಿಯುತ್ತದೆ. ಎರಡು ಸಾಲುಗಳಲ್ಲಿ ಏಳೇಳು ಗುಳಿ. ಗುಳಿಗೆ ಐದರಂತೆ ಹಾಕಿದರೆ ಎಪ್ಪತ್ತು ಹುಣಸೆ ಬೀಜ. ಒಂದು ಗುಳಿಯ ಬೀಜಗಳನ್ನೆಲ್ಲ ಬಾಚಿ ಮುಂದಿನ ಗುಳಿಗಳಿಗೆ ಒಂದೊಂದಾಗಿ ಹಂಚುತ್ತ ಹೋಗಬೇಕು. ಕೈ ಬರಿದಾದಾಗ ಎಲ್ಲಿ ನಿಲ್ಲುತ್ತೇನೆ, ಅದರ ಮುಂದಿನ ಗುಳಿ ಖಾಲಿಯೋ ತುಂಬಿದೆಯೋ ಎಂಬುದನ್ನು ಬೀಜ ಎತ್ತುವ ಮೊದಲೇ ಕಣ್ಣಳತೆಯಿಂದ ತಿಳಿಯಬಲ್ಲವರು ಗೆಲ್ಲುತ್ತಾರೆ. ಗುಳಿಯಲ್ಲಿ ನಾಲ್ಕು ಬೀಜ ಸೇರಿದ ಕೂಡಲೇ ಅದನ್ನು ಗೆದ್ದುಕೊಳ್ಳುವ ಒಂದು ಪಾಠಾಂತರವೂ ಇದೆ. ತಮಿಳಿನಲ್ಲಿ ಆ ನಾಲ್ಕಕ್ಕೆ ‘ಪಸು’ ಎಂದು ಹೆಸರು. ಅಲ್ಲಿ ಎಣಿಸುವುದಕ್ಕೆ ಸಮಯವಿಲ್ಲ. ನಾಲ್ಕನ್ನು ನಾಲ್ಕೆಂದು ನೋಡಿದೊಡನೆ ಗುರುತಿಸಬೇಕು.

ಐದು ಕಲ್ಲುಗಳ ಆಟದಲ್ಲಿ ಮೊದಲು ಒಂದೊಂದು, ಆಮೇಲೆ ಎರಡೆರಡು, ಆಮೇಲೆ ಮೂರು ಮತ್ತು ಒಂದು, ಕೊನೆಗೆ ನಾಲ್ಕನ್ನೂ ಒಟ್ಟಿಗೆ ಬಾಚಬೇಕು. ನಾಲ್ಕೆಂಬ ಸಂಖ್ಯೆಯನ್ನು ಎಷ್ಟು ಬಗೆಯಲ್ಲಿ ಒಡೆಯಬಹುದೆಂಬ ಪಾಠ ಹೆಣ್ಣುಮಕ್ಕಳ ಅಂಗೈಯಲ್ಲಿ ನಡೆದುಹೋಗುತ್ತದೆ. ಮುಷ್ಟಿಯಲ್ಲಿ ಬೀಜ ಹಿಡಿದು ‘ಸರಿಯೋ ಬೆಸವೋ’ ಎಂದು ಕೇಳುವ ಆಟ ಊಹೆಯದು. ಮುಷ್ಟಿ ಬಿಚ್ಚಿ ಎರಡೆರಡಾಗಿ ಜೋಡಿಸಿದಾಗ ಒಂದು ಉಳಿದರೆ ಬೆಸ. ಇಂದಿನ ಪಠ್ಯಪುಸ್ತಕದ ‘ಬೆಸ ಸಂಖ್ಯೆ’ ಎಂಬ ಮಾತಿಗೆ ಬಲ ಬಂದುದು ಇಂತಹ ಬಳಕೆಯಿಂದ. ಮೊದಲು ಊಹೆ, ಬಳಿಕ ಗುಂಪು, ಬಳಿಕ ಲೆಕ್ಕ, ಕೊನೆಗೆ ಊಹೆಯೊಡನೆ ಹೋಲಿಕೆ ಎಂದು ಇಂದು ಶಿಕ್ಷಕರ ತರಬೇತಿಯಲ್ಲಿ ಹೇಳುವ ನಾಲ್ಕೂ ಹೆಜ್ಜೆಗಳು ಈ ಮುಷ್ಟಿಯಾಟದಲ್ಲಿ ಅದೇ ಕ್ರಮದಲ್ಲಿವೆ.

ಮಗ್ಗಿಯ ಮನೆ

ಹಾಗಾದರೆ ಶಾಲೆಯಲ್ಲಿ ಏನಾಯಿತು? ಇಂಗ್ಲಿಷ್ ಶಿಕ್ಷಣ ಬಂದು ಎಲ್ಲವನ್ನೂ ಕೆಡಿಸಿತೆಂದು ಹೇಳಿಬಿಡುವುದು ಸುಲಭ, ಆದರೆ ಪೂರ್ತಿ ನಿಜವಲ್ಲ. ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ 1823ರಲ್ಲಿ ಮದ್ರಾಸ್ ಸರ್ಕಾರಕ್ಕೆ ಕಳುಹಿಸಿದ ವರದಿಯಲ್ಲಿ ಆ ಜಿಲ್ಲೆಯ 533 ಶಾಲೆಗಳ, 6641 ವಿದ್ಯಾರ್ಥಿಗಳ ವಿವರವಿದೆ. ಧರಂಪಾಲ್ ಅವರು 1983ರಲ್ಲಿ ಪ್ರಕಟಿಸಿದ ದಾಖಲೆಗಳ ಮೂಲಕ ಇದು ಹೆಚ್ಚು ಜನರಿಗೆ ಪರಿಚಿತವಾಯಿತು. ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುವುದು, ಬಲ್ಲ ಹುಡುಗ ಬಾರದವನಿಗೆ ಕಲಿಸುವುದು, ಮಗ್ಗಿಗಳನ್ನು ಒಟ್ಟಾಗಿ ಹೇಳುವುದು ಇವನ್ನೆಲ್ಲ ಬಣ್ಣಿಸುವ ಕ್ಯಾಂಪ್‌ಬೆಲ್, ಕಡಿಮೆ ಖರ್ಚಿನ ಈ ಕ್ರಮವನ್ನು ಮೆಚ್ಚುತ್ತಾನೆ. ಅದರೊಡನೆಯೇ, ಅರ್ಥ ತಿಳಿಯದ ಪದ್ಯಗಳನ್ನು ಮಕ್ಕಳು ಗಿಳಿಪಾಠ ಒಪ್ಪಿಸುವುದನ್ನು ಆಕ್ಷೇಪಿಸುತ್ತಾನೆ. ನಮ್ಮ ಕೂಲಿಮಠಗಳ ಬಲವೂ ಕೊರತೆಯೂ ಎರಡೂ ಇಲ್ಲಿವೆ.

ಕೂಲಿಮಠದ ಮಗ್ಗಿ ಕುರುಡು ಬಾಯಿಪಾಠವಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ಕಾಲು, ಅರೆ, ಮುಕ್ಕಾಲು, ಹದಿನಾರರಲ್ಲೊಂದಾದ ವೀಸ ಇವುಗಳ ಮಗ್ಗಿ ಕಲಿತ ಹುಡುಗ ಸಂಜೆ ಅಂಗಡಿಯ ಗಲ್ಲದಲ್ಲಿ, ಸುಗ್ಗಿಯಲ್ಲಿ ಕಣದ ಬದಿಯಲ್ಲಿ ಕುಳಿತು ಅದನ್ನು ಬಳಸುತ್ತಿದ್ದ. ಐಗಳು ಬಾಯಿಗೆ ಕೊಟ್ಟುದಕ್ಕೆ ಊರು ಕಣ್ಣನ್ನೂ ಕೈಯನ್ನೂ ಕೊಡುತ್ತಿತ್ತು. ಶಾಲೆ ಊರಿನಿಂದ ದೂರ ಸರಿದಂತೆ, ಅಳತೆಗಳು ಬದಲಾದಂತೆ, ಮಗ್ಗಿ ಉಳಿಯಿತು. ಅದಕ್ಕೆ ಜೊತೆಯಾಗಿದ್ದ ರಾಶಿ, ಕೊಳಗ, ಬೀಜಗಳು ಶಾಲೆಯ ಹೊರಗೇ ಉಳಿದವು. ಆದುದು ಈ ಅಗಲಿಕೆ.

ಬಂಗಾರಪೇಟೆಯ ಹೆಸರೇ ಈ ಬದಲಾವಣೆಯ ಕಾಲಕ್ಕೆ ಸಾಕ್ಷಿ. 1862ರಿಂದ 1870ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್‌ನ ಹೆಸರಿನಲ್ಲಿ ಅದು ಬೌರಿಂಗ್‌ಪೇಟೆಯಾಗಿತ್ತು. ಆತನ ಆಡಳಿತದಲ್ಲಿಯೇ, 1868ರಲ್ಲಿ, ಹೋಬಳಿಗೊಂದು ಶಾಲೆ ತೆರೆಯುವ ಯೋಜನೆ ರೂಪುಗೊಂಡಿತು. ಅದರ ಹಿಂದಿದ್ದವರು ಶಾಸನಗಳಿಂದ ನಮಗೆ ಚಿರಪರಿಚಿತರಾದ ರೈಸ್ ಅವರೇ. ಹಳ್ಳಿಯ ಮಗುವಿಗೆ ಸರ್ಕಾರದ ಶಾಲೆ ಎಟುಕಿದ್ದು ದೊಡ್ಡ ಉಪಕಾರ. ಆದರೆ ಪರೀಕ್ಷೆ ನಡೆಸಲು ಬರುವ ಅಧಿಕಾರಿಗೆ ಮಗ್ಗಿ ಕೇಳುವುದು ಸುಲಭ, ಕಣ್ಣಳತೆಯನ್ನು ಪರೀಕ್ಷಿಸುವುದು ಕಷ್ಟ. ಯಾವುದನ್ನು ಪರೀಕ್ಷಿಸುತ್ತಾರೋ ಅದೇ ಶಿಕ್ಷಣವಾಗಿ ಉಳಿಯುವುದು ಎಲ್ಲ ಕಾಲದ ಅನುಭವ.

1871ರ ಎರಡು ಸಂಗತಿಗಳು

ನ್ಯೂಜಿಲೆಂಡಿನ ಯುದ್ಧದಲ್ಲಿ ಸೈನಿಕನಾಗಿದ್ದು ಬೆಂಗಳೂರಿನಲ್ಲಿ ನೆಲೆಸಿದ್ದ ಮೈಕೆಲ್ ಲವೆಲ್ 1871ರಲ್ಲಿ ಕೋಲಾರದ ಕಡೆಗೆ ಚಿನ್ನ ಹುಡುಕಿಕೊಂಡು ಬಂದ. 1880ರಲ್ಲಿ ಜಾನ್ ಟೇಲರ್ ಕಂಪನಿ ಗಣಿಗಾರಿಕೆಗೆ ಇಳಿಯಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಗಣಿಗೆ ಹರಿಯಿತು. ಲವೆಲ್ ಕೋಲಾರಕ್ಕೆ ಬಂದ ಅದೇ ವರ್ಷ ಇಂಗ್ಲೆಂಡಿನಲ್ಲಿ ವಿಲಿಯಂ ಸ್ಟ್ಯಾನ್ಲಿ ಜೆವನ್ಸ್ ಎಂಬ ವಿದ್ವಾಂಸ ‘ನೇಚರ್’ ಪತ್ರಿಕೆಯಲ್ಲಿ ಒಂದು ಸಣ್ಣ ಲೇಖನ ಪ್ರಕಟಿಸಿದ. ಪೆಟ್ಟಿಗೆಯೊಳಗೆ ಅವರೆಯಂತಹ ಕಾಳುಗಳನ್ನು ಎಸೆದು, ಕಣ್ಣು ಹಾಯಿಸಿದೊಡನೆ ಎಷ್ಟೆಂದು ಹೇಳಿ, ಆಮೇಲೆ ಎಣಿಸಿ ನೋಡುವ ಪ್ರಯೋಗವನ್ನು ಆತ ಸಾವಿರಕ್ಕೂ ಹೆಚ್ಚು ಸಲ ಮಾಡಿದ್ದ. ಮೂರು ನಾಲ್ಕು ಕಾಳುಗಳವರೆಗೆ ಒಮ್ಮೆಯೂ ತಪ್ಪಲಿಲ್ಲ. ಐದರಿಂದ ತಪ್ಪು ಆರಂಭವಾಯಿತು. ಸಂಖ್ಯೆ ಬೆಳೆದಂತೆ ತಪ್ಪೂ ಬೆಳೆಯಿತು. ಈ ಜೆವನ್ಸ್ ತಾರುಣ್ಯದಲ್ಲಿ ಸಿಡ್ನಿಯ ಟಂಕಸಾಲೆಯಲ್ಲಿ ಚಿನ್ನದ ಪರಿಶುದ್ಧತೆಯನ್ನು ಪರೀಕ್ಷಿಸುವ ಕೆಲಸದಲ್ಲಿದ್ದವನೆಂಬುದು ಆಕಸ್ಮಿಕವಾದರೂ ಸ್ವಾರಸ್ಯದ ಮಾತು.

ಆತನ ಪ್ರಯೋಗ ಹೇಳುವುದು ಇಷ್ಟು: ಮನುಷ್ಯನ ಕಣ್ಣು ಎಣಿಸದೆಯೇ ಕಾಣಬಲ್ಲ ಸಂಖ್ಯೆ ನಾಲ್ಕರ ಆಸುಪಾಸಿಗೆ ಮುಗಿಯುತ್ತದೆ. ಅದಕ್ಕಿಂತ ಹೆಚ್ಚನ್ನು ತಿಳಿಯಬೇಕಾದರೆ ಸಣ್ಣ ಗುಂಪುಗಳಾಗಿ ಒಡೆಯಲೇಬೇಕು. ಅಳಗುಳಿಮಣೆಯ ನಾಲ್ಕು ಬೀಜ, ಚೌಕಾಬಾರದ ನಾಲ್ಕು ಕವಡೆ ಮತ್ತು ಮಹಾವೀರಾಚಾರ್ಯರ ನಾಲ್ಕು ಗಂಡಕಗಳ ಗುಂಜೆ ಈ ಎಲ್ಲೆಯೊಳಗೇ ಇವೆ. ಜೆವನ್ಸ್ ಅಳೆದು ತೋರಿಸಿದುದನ್ನು ನಮ್ಮ ಆಟಗಳನ್ನು ಕಟ್ಟಿದವರು ಅನುಭವದಿಂದ ಕಂಡಿದ್ದರು. ಪ್ರಯೋಗಕ್ಕೆ ಅದರದೇ ಹಿರಿಮೆಯಿದೆ: ಆತ ತನ್ನ ತಪ್ಪುಗಳನ್ನು ಬರೆದಿಟ್ಟ. ಊಹೆ ತಪ್ಪುವುದು ನಾಚಿಕೆಯಲ್ಲ, ಎಷ್ಟು ತಪ್ಪಿತೆಂದು ನೋಡದಿರುವುದೇ ದೋಷ ಎಂಬ ಪಾಠವನ್ನು ಶಾಲೆಗಳು ಅವನಿಂದ ಕಲಿಯಬಹುದು.

ಮರಳಿ ಬಂದ ಬೀಜಗಳು

ಕೋಲಾರದ ಗಡಿಗೆ ದೂರವಿಲ್ಲದ ಮದನಪಲ್ಲಿಯ ಬಳಿಯ ಋಷಿವ್ಯಾಲಿಯಲ್ಲಿ, ಒಬ್ಬರೇ ಶಿಕ್ಷಕರು ಹಲವು ತರಗತಿಗಳ ಮಕ್ಕಳಿಗೆ ಕಲಿಸುವ ಹಳ್ಳಿಯ ಶಾಲೆಗಳಿಗಾಗಿ ಒಂದು ಕ್ರಮ ರೂಪುಗೊಂಡಿತು. ಕಲಿಕೆಯನ್ನು ಸಣ್ಣ ಮೆಟ್ಟಿಲುಗಳಾಗಿ ಒಡೆದು, ಪ್ರತಿ ಮಗುವೂ ತನ್ನ ವೇಗದಲ್ಲಿ ಏರುವಂತೆ ಮಾಡಿದ ಆ ಕ್ರಮವನ್ನು ನೋಡಿಬಂದ ಹೆಗ್ಗಡದೇವನಕೋಟೆಯ ಶಿಕ್ಷಕರು 1995ರಲ್ಲಿ ಯುನಿಸೆಫ್ ನೆರವಿನೊಡನೆ ಆರಂಭಿಸಿದ್ದೇ ‘ನಲಿಕಲಿ’. 2009-10ನೆಯ ಸಾಲಿನಲ್ಲಿ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಮೊದಲೆರಡು ತರಗತಿಗಳಿಗೆ ವ್ಯಾಪಿಸಿತು. ಮಕ್ಕಳು ವೃತ್ತವಾಗಿ ಕುಳಿತು ಕಾರ್ಡುಗಳನ್ನೂ ಕಡ್ಡಿಗಳನ್ನೂ ಮಣಿಗಳನ್ನೂ ಬಳಸಿ ಲೆಕ್ಕ ಕಲಿಯುವುದು ಸರ್ಕಾರಿ ಶಾಲೆಯ ನಿತ್ಯದ ನೋಟವಾಯಿತು. ಮುಂದೆ ಅಕ್ಷರ ಫೌಂಡೇಷನ್ನಿನ ಸಹಯೋಗದ ‘ಗಣಿತ ಕಲಿಕಾ ಆಂದೋಲನ’ ನಾಲ್ಕು ಮತ್ತು ಐದನೆಯ ತರಗತಿಗಳಿಗೆ ಗಣಿತದ ಪೆಟ್ಟಿಗೆಯನ್ನು ಒದಗಿಸಿತು. 2021ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ‘ನಿಪುಣ್ ಭಾರತ’ವೂ ಎಳೆಯ ಮಕ್ಕಳ ಸಂಖ್ಯಾಜ್ಞಾನವನ್ನು ತನ್ನ ಗುರಿಯಲ್ಲಿ ಸೇರಿಸಿಕೊಂಡಿತು.

ಇವೆಲ್ಲ ಸ್ವಾಗತಾರ್ಹ. ಆದರೆ ಪೆಟ್ಟಿಗೆ ಬಂದ ಮಾತ್ರಕ್ಕೆ ವಿದ್ಯೆ ಬಾರದು. ಪ್ಲಾಸ್ಟಿಕ್ ಮಣಿಗಳು ಕಳೆದುಹೋದಾವೆಂಬ ಅಂಜಿಕೆಯಿಂದ ಪೆಟ್ಟಿಗೆಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರೆ ಮಗುವಿಗೆ ಸಿಗುವುದು ಮತ್ತೆ ಗೋಡೆಯ ಮೇಲಿನ ಮಗ್ಗಿಯೇ. ಹುಣಸೆ ಬೀಜಕ್ಕೆ ಆ ಭಯವಿಲ್ಲ. ಕೋಲಾರ ಸೀಮೆಯಲ್ಲಿ ಹುಣಸೆಗೆ ಬರವೂ ಇಲ್ಲ. ಗುಲಗಂಜಿ ವಿಷದ ಬೀಜವಾದ್ದರಿಂದ ಅದು ಅಕ್ಕಸಾಲೆಯ ತಕ್ಕಡಿಯಲ್ಲಿಯೇ ಇರಲಿ, ಮಕ್ಕಳ ಕೈಗೆ ಬೇಡ. ಇನ್ನು ಬೀಜ ಕೈಗೆ ಕೊಟ್ಟ ಮೇಲೂ ಒಂದು ಎಚ್ಚರ ಬೇಕು. ಮಗು ‘ಮೂವತ್ತು’ ಎಂದು ಊಹಿಸಿ, ಎಣಿಸಿದಾಗ 38 ಬಂದರೆ, ‘ತಪ್ಪು’ ಎಂದು ಗೀಟು ಎಳೆಯಬಾರದು. ಹತ್ತರ ಮೂರು ಗುಂಪುಗಳನ್ನು ಅದು ಸರಿಯಾಗಿಯೇ ಕಂಡಿದೆ, ಬಿಡಿಗಳನ್ನು ಮಾತ್ರ ಕಾಣಲಿಲ್ಲ. ‘ಸಾವಿರ’ ಎಂದ ಮಗುವಿಗೂ ‘ಮೂವತ್ತು’ ಎಂದ ಮಗುವಿಗೂ ಒಂದೇ ಗೀಟು ಬಿದ್ದರೆ, ಊಹಿಸುವ ಧೈರ್ಯವನ್ನು ಎರಡೂ ಮಕ್ಕಳು ಕಳೆದುಕೊಳ್ಳುತ್ತವೆ. ಮನೆಯ ನುಡಿಯಲ್ಲಿ ಎಣಿಸಿದ ಮಗುವನ್ನು ತಡೆಯುವುದೂ ಅಂತಹುದೇ ತಪ್ಪು. ಹತ್ತರ ಕಟ್ಟು ಕೈಯಲ್ಲಿ ಸಿದ್ಧವಾದ ಮೇಲೆ ಅದಕ್ಕೆ ಪತ್ತು, ಪದಿ, ಹತ್ತು ಎಂಬ ಮೂರು ಹೆಸರುಗಳನ್ನು ಹೊಂದಿಸುವುದು ಮಗುವಿಗೆ ಆಟದಷ್ಟೇ ಸುಲಭ.

ಈ ವಿದ್ಯೆ ಎಲ್ಲಿಗೆ ಕರೆದೊಯ್ಯಬಲ್ಲುದೆಂಬುದಕ್ಕೆ ಗಣಿಯ ಊರೇ ಒಂದು ಉದಾಹರಣೆ ಕೊಡುತ್ತದೆ. 1880ರಿಂದ 2001ರ ಫೆಬ್ರವರಿಯಲ್ಲಿ ಭಾರತ್ ಗೋಲ್ಡ್ ಮೈನ್ಸ್ ಮುಚ್ಚುವವರೆಗೆ, ಸುಮಾರು 120 ವರ್ಷಗಳಲ್ಲಿ, ಇಲ್ಲಿಂದ ಹೊರಬಂದ ಚಿನ್ನ ಸುಮಾರು 800 ಟನ್. ಚಿನ್ನ ನೀರಿಗಿಂತ ಹತ್ತೊಂಬತ್ತು ಪಟ್ಟಿಗೂ ಹೆಚ್ಚು ಭಾರವಾದ್ದರಿಂದ 800 ಟನ್ನಿನ ಘನಫಲ ಸುಮಾರು 41 ಘನ ಮೀಟರ್. ಇಪ್ಪತ್ತು ಅಡಿ ಉದ್ದ, ಇಪ್ಪತ್ತು ಅಡಿ ಅಗಲದ ಒಂದು ಶಾಲಾ ಕೊಠಡಿಯಲ್ಲಿ ಅದನ್ನೆಲ್ಲ ತುಂಬಿದರೆ ಮೂರೂವರೆ ಅಡಿಗಿಂತ ತುಸು ಮೇಲಕ್ಕೆ ಬರುತ್ತದೆ; ಒಂದನೆಯ ತರಗತಿಯ ಮಗುವಿನ ಎತ್ತರಕ್ಕೆ ಸರಿಸುಮಾರು. ಮೂರು ಕಿಲೋಮೀಟರಿಗೂ ಆಳವಾದ ಸುರಂಗಗಳಲ್ಲಿ ತಲೆಮಾರುಗಳ ಜನ ದುಡಿದು, ಉಸಿರು ಕಳೆದುಕೊಂಡು, ಹೊರತೆಗೆದುದು ಒಂದು ಕೊಠಡಿಯ ಅರ್ಧವನ್ನೂ ತುಂಬದು. ಅದನ್ನು ಬೇರ್ಪಡಿಸಿ ಉಳಿದ ಸಯನೈಡ್ ಮಣ್ಣು ಮಾತ್ರ ಗುಡ್ಡಗಳಾಗಿ ಊರಿನ ಸುತ್ತ ನಿಂತಿದೆ, ಗಾಳಿ ಬೀಸಿದಾಗ ಮನೆಗಳ ಮೇಲೆ ಬೀಳುತ್ತದೆ. ಗಣಿ ಮುಚ್ಚಿದ ಮೇಲೆ ಆ ಊರಿನ ಸಾವಿರಾರು ಜನ ನಿತ್ಯ ಬೆಳಗಿನ ರೈಲಿನಲ್ಲಿ ಬಂಗಾರಪೇಟೆಯ ಮೂಲಕ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ.

ಎಷ್ಟು ಹೋಯಿತು, ಎಷ್ಟು ಉಳಿಯಿತು ಎಂಬ ಈ ಲೆಕ್ಕವನ್ನು ಆ ಊರಿನ ಮಕ್ಕಳು ಮುಂದೊಂದು ದಿನ ತಾವೇ ಮಾಡಬೇಕಾಗುತ್ತದೆ. ಅದಕ್ಕೆ ಬೇಕಾದುದು ಇಪ್ಪತ್ತರ ಮಗ್ಗಿ ಒಂದೇ ಅಲ್ಲ. ರಾಶಿಯನ್ನು ನೋಡಿ ಅಳೆಯುವ ಕಣ್ಣು, ಗುಂಪಾಗಿ ಒಡೆಯುವ ಬುದ್ಧಿ, ತನ್ನ ಊಹೆಯನ್ನು ತಾನೇ ಪರೀಕ್ಷಿಸುವ ಪ್ರಾಮಾಣಿಕತೆ. ಅದರ ಮೊದಲ ಪಾಠಕ್ಕೆ ಒಂದು ಬೊಗಸೆ ಹುಣಸೆ ಬೀಜ ಸಾಕು.